ಬಜಾರ್‌ಗೇಟಿನ ರಾತ್ರಿಶಾಲೆಯಲ್ಲಿ ಅಲಂಕಾರದ ಪಾಠ

ಹಗಲು ಗುಜರಾತಿ ಮಕ್ಕಳು ಕೂತೆದ್ದ ಬೆಂಚಿನಲ್ಲಿ
ರಾತ್ರಿ ಎಂಟಕ್ಕೆ ನಾವು.
ಡೆಸ್ಕಿನಡಿ ಹಿಡಿಸದ ಮೊಣಕಾಲು ಪಕ್ಕಕ್ಕೆ ಚಾಚಿ,
ತೋಳಿನಲ್ಲಿ ಈರುಳ್ಳಿ ವಾಸನೆ, ಉಗುರಲ್ಲಿ ಹಿಟ್ಟು.
ಮನೆಮಾತು ತುಳು, ಬೀದಿಗೆ ಹಿಂದಿ,
ಹವಾಲ್ದಾರನಿಗೆ ಮರಾಠಿ.
ಕನ್ನಡ ನಮಗೆ ಎಂಟರಿಂದ ಹತ್ತರವರೆಗೆ ಮಾತ್ರ.

ದೂಮಪ್ಪ ಮಾಸ್ಟ್ರು ಹಗಲೆಲ್ಲ ಬಂದರಿನ ಗೋದಾಮಿನಲ್ಲಿ
ಮೂಟೆ ಎಣಿಸುವ ಗುಮಾಸ್ತರು.
ಆ ರಾತ್ರಿ ಬೋರ್ಡಿನ ಮೇಲೆ ಬರೆದರು:
ಗಂಗೆಯಲ್ಲಿ ಹಳ್ಳಿ.
"ಹೊಳೆಯೊಳಗೆ ಹಳ್ಳಿ ಇರ್ತದೇನಯ್ಯಾ?"
"ಮುಳುಗಿರಬೇಕು ಸಾರ್," ಎಂದ ತ್ಯಾಂಪ.
ನಾವು ನಕ್ಕೆವು. ಅವರು ನಗಲಿಲ್ಲ.
ಸೀಮೆಸುಣ್ಣ ಕೆಳಗಿಟ್ಟು ಕೇಳಿದರು:
"ಹೋಟೆಲಲ್ಲಿ ಆರ್ಡರ್ ಹೇಗೆ ಕೂಗ್ತೀ?"
"ನಾಲ್ಕನೇ ಟೇಬಲ್ ಮಸಾಲೆ ಕೇಳ್ತಾ ಉಂಟು!"
"ಟೇಬಲ್ಲಿಗೆ ಬಾಯಿ ಉಂಟಾ?"

ಅಲ್ಲಿಂದ ಒಂದು ವಾರ ನಮಗೆ ಹುಚ್ಚು.
ದಾದರ್ ಬಂತು ಅಂತಾರಲ್ಲ, ಬಂದದ್ದು ಯಾರು?
ಮೂಲೆ ಟೇಬಲ್ ಕಾಸು ಕೊಡದೆ ಓಡಿತು!
ಗಲ್ಲಾಪೆಟ್ಟಿಗೆಯ ಶೆಟ್ರು "ಗಂಟೆ ಎಷ್ಟು?" ಎಂದರೆ
ಕೇಳುತ್ತಿರುವುದು ಗಂಟೆಯನ್ನಲ್ಲ ಎಂದು
ನಮಗೆ ಮೊದಲೇ ಗೊತ್ತಿತ್ತು,
ಅದಕ್ಕೊಂದು ಹೆಸರಿದೆಯೆಂದು ಗೊತ್ತಿರಲಿಲ್ಲ.
ಊರಿಗೆ ಹಾಕುವ ಕಾರ್ಡಿನಲ್ಲಿ
"ಇಲ್ಲಿ ಸೆಕೆ ಜಾಸ್ತಿ" ಎಂದು ಬರೆದರೆ
ಈ ತಿಂಗಳು ಮನಿಯಾರ್ಡರ್ ಇಲ್ಲ.
ಅಕ್ಕನ ಉತ್ತರ ಒಂದೇ ಪದ: "ಇಲ್ಲಿಯೂ."

ಮಾತು ಗಂಟೆ ಇದ್ದ ಹಾಗೆ, ಎಂದರು ಮಾಸ್ಟ್ರು.
ಹೊಡೆದದ್ದು ಒಂದೇ ಸಲ. ಆಮೇಲಿನದು ಉಂಟಲ್ಲ,
ಕಂಚಿನೊಳಗೆ ಉಳಿದು ಗುಂಯ್‌ಗುಡುವುದು,
ಅದನ್ನು ಉತ್ತರಪತ್ರಿಕೆಯಲ್ಲಿ ಬರೆಯಲಿಕ್ಕಾಗುವುದಿಲ್ಲ,
ಐದು ಅಂಕ ಕೊಟ್ಟರೂ.
ಕೆಟ್ಟ ಕವಿ ಯಾರು ಸಾರ್?
"ಅಳುವವರನ್ನು ತೋರಿಸಿ
ಇದು ದುಃಖ ಎಂದು ಚೀಟಿ ಅಂಟಿಸುವವನು.
ಚೀಟಿ ಅಂಟಿಸುವುದು ನನಗೆ ಹಗಲು ಮಾಡಿ ಸಾಕಾಗಿದೆ."

ಹತ್ತಕ್ಕೆ ಶಾಲೆ ಬಿಟ್ಟರೆ
ನಮ್ಮ ಹೋಟೆಲಿನ ಹಿಂಬಾಗಿಲಿಗೆ
ಹಸಿರು ಫ್ಲಾಸ್ಕು ಬರುತ್ತಿತ್ತು.
ಎರಡು ಕಾಫಿ, ಸಕ್ಕರೆ ಇಲ್ಲದ್ದು.
"ನನ್ನದಕ್ಕೆ ಮನೆಯಲ್ಲಿ ಹಾಕಿಕೊಳ್ತೇನೆ" ಎಂದದ್ದು
ಮೂರು ವರ್ಷದಲ್ಲಿ ಒಮ್ಮೆ.
ಆಕೆಯನ್ನು ನಾವು ಕಂಡವರಲ್ಲ.
ಮಾಸ್ಟ್ರ ಅಂಗಿಯ ಗುಂಡಿ ಯಾವತ್ತೂ ಬಿದ್ದಿರುತ್ತಿರಲಿಲ್ಲ, ಅಷ್ಟೆ.

ಶ್ರಾವಣದಲ್ಲಿ ಹದಿನಾಲ್ಕು ದಿನ ಪಾಠವಿಲ್ಲ.
ಹದಿನೈದಕ್ಕೆ ಬಂದರು. ಹಾಜರಿ ಕರೆದರು,
ಶ್ಲೇಷೆ ಕಲಿಸಿದರು, ತ್ಯಾಂಪನಿಗೆ ಬೈದರು.
ಹತ್ತಕ್ಕೆ ಫ್ಲಾಸ್ಕು ಬಂತು.

"ಸಕ್ಕರೆ ಹಾಕಿಯೇ ಕೊಡು ಮಾರಾಯಾ."

ಶೆಟ್ರ ಪೆನ್ಸಿಲು ಲೆಕ್ಕದ ನಡುವೆ ನಿಂತಿತು.
ರೇಷನ್ನಿನಲ್ಲಿ ಸಕ್ಕರೆ ಸಿಗದ ಕಾಲ,
ಅದಕ್ಕಿರಬಹುದು ಅಂದುಕೊಂಡೆ.
ಅದೂ ಒಂದು ಅರ್ಥವೇ.
ಅಲಂಕಾರದಲ್ಲಿ ಮೂವತ್ತೆಂಟು ಅಂಕ ನನಗೆ, ತರಗತಿಗೇ ಮೊದಲು.

ತ್ಯಾಂಪ, ಎರಡು ಸಲ ಕೂತೂ ಪಾಸಾಗದವನು,
ಗಂಗೆಯ ಹಳ್ಳಿಯನ್ನು ಮುಳುಗಿಸಿದವನು,
ನನ್ನ ಕೈಯಿಂದ ಫ್ಲಾಸ್ಕು ತೆಗೆದುಕೊಂಡ.
ಕಾಫಿಯನ್ನು ಹಿತ್ತಾಳೆ ಚೆಂಬಿಗೆ ಬಗ್ಗಿಸಿದ,
ಸಕ್ಕರೆ ಹಾಕಿದ, ಎಷ್ಟು ಎಂದು ಕೇಳಲಿಲ್ಲ.
ಕದಡಿದ.
ಕರಗಿದ ಮೇಲೂ ಕದಡುತ್ತಲೇ ಇದ್ದ,
ಚಮಚ ಹಿತ್ತಾಳೆಗೆ ತಾಗಿ ತಾಗಿ.

ಹೊರಗೆ ಬೋರಿಬಂದರಿನ ಕಡೆ ಖಾಲಿ ಟ್ರಾಮೊಂದು ಹೋಯಿತು.
ಮಾಸ್ಟ್ರು ಮಳೆ ನೋಡುತ್ತ ನಿಂತಿದ್ದರು
ಫ್ಲಾಸ್ಕಿನ ಮುಚ್ಚಳ ಕೈಯಲ್ಲಿ ಹಿಡಿದುಕೊಂಡು.