ಐದು ಶಾಲು

ಕಮಿಟಿ ಹುಡುಗ ಬಂದಿದ್ದ, ಕಿಸೆದಾಗ ಪೆನ್ನು.
"ರಾಜೇಸಾಬ ಕಾಕಾ, ನಲವತ್ತು ವರ್ಷ ಮೈಕ್‌ಸೆಟ್ ಹಚ್ಚೀರಿ,
ಸುತ್ತ ಹಳ್ಳಿ ಹಾಡುಗಾರರೆಲ್ಲ ನಿಮಗ ಗೊತ್ತು.
ಒಂದನೇ ನಂಬರಿನಿಂದ ಐದರತನಕ ಬರಕೊಡ್ರಿ.
ಶಾಲು ಐದಽ ಬಂದಾವ."

ಅಂವ ಹೋದಮ್ಯಾಲೆ ಬಿಲ್ ಬುಕ್ ಬೋರಲು ಹಾಕಿ ಕುಂತೆ.
ನರೇಗಲ್ಲಿನ ಗಾಳಿ ಅಂಗಡಿ ಶಟರು ಬಡೀತಿತ್ತು,
ಕುಡದಾಂವ ದಪ್ಪು ಬಾರಿಸಿಧಾಂಗ.

ನನ್ನ ತಕ್ಕಡಿ ಬ್ಯಾರೆ, ಮೊದಲಽ ಹೇಳಿಬಿಡತೀನಿ.
ರಾಗಾ ಗೀಗಾ ನನಗ ತಿಳಿಯಂಗಿಲ್ಲ.
ಯಾರು ಮೈಕಿನ ಮುಂದ ಹೆಂಗ ನಿಂತರು, ಅದು ಗೊತ್ತು.
ಉಫ್ ಉಫ್ ಅಂತ ಊದಿ ನೋಡಿದವರು
ನನ್ನ ಪಟ್ಟಿಯೊಳಗ ಕಾಲಿಡಂಗಿಲ್ಲ.

ಐದು.
ಮಾರನಬಸರಿ ಹುಚ್ಚೀರಪ್ಪ, ಭಜನಿಯಾಂವ.
ಮೈಕಿಗೆ ಮುತ್ತು ಕೊಡೂವಷ್ಟು ಸಮೀಪ ನಿಂದರತಿದ್ದ.
ಅವನ ಎಲಿಅಡಿಕಿ ಕೆಂಪು ಇನ್ನೂ ಜಾಳಿಗಿಯೊಳಗೈತಿ,
ತಿಕ್ಕಿದರೂ ಹೋಗವಲ್ದು.
ಬೆಳಗಿನ ನಾಕಕ್ಕ ಮಂದಿ ಎಲ್ಲಾ ಒರಗಿದ ಮ್ಯಾಲೆ
ನಾಯಿಗೋಳ ಸಲುವಾಗಿ ಹಾಡತಿದ್ದ.
ಅವು ಕುಂತು ಕೇಳತಿದ್ದುವು. ನಾ ನೋಡೀನಿ.

ನಾಕು.
ಕೋಟುಮಚಗಿ ನಬೀಸಾಬ, ರಿವಾಯತದಾಂವ.
ಅಲಾಯಿ ಕುಣಿ ಸುತ್ತ ಹೆಜ್ಜಿ ಹಾಕಕೋತ ಹೊಂಟರ
ಮೈಕು ನಿಂತಲ್ಲೇ ನಿಂದರತಿತ್ತು, ದನಿ ಹೋಗಿಬಿಡತಿತ್ತು;
ಸುತ್ತಿಗೊಮ್ಮೆ ಬರತಿತ್ತು, ಗಾಣದ ಎತ್ತು ಬಂಧಾಂಗ.
ನಡುವಿನ ಆ ಸಾಲುಗಳು ಏನಿದ್ದುವೋ,
ಇವತ್ತಿಗೂ ನನಗ ಗೊತ್ತಿಲ್ಲ.
ನಾನಽ ಒಂದೊಂದು ಕಟ್ಟಿಕೊಂಡೀನಿ.

ಮೂರು.
ಇಲ್ಲಿ ಪೆನ್ಸಿಲ್ ಮುರೀತು.
ಜಕ್ಕಲಿ ಫಕೀರವ್ವ, ಸೂಡಿ ದ್ಯಾಮಣ್ಣ.
ಆಕಿ ನಾಗೇಶಿ, ಅಂವ ಹರದೇಶಿ.
ಹೆಣ್ಣು ಹೆಚ್ಚು ಅಂತ ಆಕಿ, ಗಂಡು ಹೆಚ್ಚು ಅಂತ ಅಂವ,
ಮೂವತ್ತು ವರ್ಷ ಹಗಲ್ಹರಿಯೂತನ ವಾದ.
ಬೆಳಗಾದರ ಒಂದಽ ಟೆಂಪೋದಾಗ ಊರಿಗೆ ಹೋಗತಿದ್ದರು,
ಒಂದಽ ಬಸಿಯೊಳಗ ಚಾ ಕುಡಿತಿದ್ದರು.
ಅವರಿಗೆ ಬಗೀಹರೀದ್ದು ನಾ ಬಿಲ್ ಬುಕ್ಕಿನ ಹಿಂದ
ಬಗೀಹರಿಸಿದರ, ಸೋತವರು ಬಂದು
ನನ್ನ ಬಾಗಿಲದಾಗ ಸವಾಲು ಹಾಕ್ಯಾರು.
ಇಬ್ಬರಿಗೂ ಮೂರು ಹಾಕಿದೆ. ಜಗಳ ಅವರದಽ ಇರಲಿ.

ಎರಡು.
ಅಬ್ಬಿಗೇರಿ ಕಳಕವ್ವ.
ಹತ್ತಿ ಹೊಲದಾಗ ಕಳೆ ತಗೀವಾಗ ಹಾಡಾಕಿ,
ಸ್ಟೇಜ್ ಹತ್ತಿದ್ದು ಒಂದಽ ಸಲ.
ಮೈಕ್ ನೋಡಿ ಕೇಳಿದಳು: "ಇದರ ಕಿವಿ ಯಾವ ಕಡಿ, ತಮ್ಮಾ?"
ಎಲ್ಲರೂ ಬಾಯಿ ಅಂತ ತಿಳಕೊಂಡಿದ್ದರು.
ಆಕಿ ಒಬ್ಬಾಕಿನಽ ಕಿವಿ ಅಂದಳು.
ಸೆರಗಿಲೆ ಒರಸಿದಳು, ಹಾಡಿದಳು, ಇಳದು ಹೋದಳು.
ಭತ್ತೆ ಇಸಗೊಳ್ಳೋದು ಮರತು.

ಒಂದು.

ಹುಡುಗಾ, ನೀ ಈ ಹೆಸರು ಕೇಳಿಲ್ಲ.
ಮುದಿಯಪ್ಪ.
ದ್ಯಾಮಣ್ಣನ ಹಿಂದ ತುಂತುಣಿ ಹಿಡಕೊಂಡು
"ಜೀ... ಜೀ..." ಅನ್ನಾಂವ. ಅಷ್ಟಽ.
ಒಂದು ಸಾಲೂ ಸ್ವಂತ ಹಾಡಿದಾಂವ ಅಲ್ಲ.
ನನ್ನಂತ್ಯಾಕ ಎರಡಽ ಮೈಕ್ ಇದ್ದುವು:
ಒಂದು ದ್ಯಾಮಣ್ಣಗ, ಇನ್ನೊಂದು ದಪ್ಪಿಗೆ.
ಮುದಿಯಪ್ಪನ ಮುಂದ ನಾ ಎಂದೂ ಇಟ್ಟಿಲ್ಲ.
ಅಂವ ಕೇಳಲೂ ಇಲ್ಲ.

ಒಂದು ವರ್ಷ ಹಾಲಕೆರಿಯೊಳಗ ಕಾರ್ಯಕ್ರಮ.
ಮುದಿಯಪ್ಪನ ಮಗಳ ನಿಶ್ಚಯ, ಅಂವ ಬಂದಿರಲಿಲ್ಲ.
ದ್ಯಾಮಣ್ಣ ಮೂರು ನುಡಿ ಹಾಡಿದ, ನಿಂತ,
ಹಿಂದ ಹೊಳ್ಳಿ ನೋಡಿದ, ನೀರು ಕುಡದ.
"ರಾಜೇಸಾಬ, ಮೈಕ್ ಸರಿ ಇಲ್ಲೋ" ಅಂದ.
ವಾಯರ್ ತಡವಿದೆ, ಪಿನ್ನು ತಗದು ಹಾಕಿದೆ,
ಬ್ಯಾಟರಿ ನೋಡಿದೆ, ಹಾರ್ನಿನ ಸನೇಕ ಹೋಗಿ ಕಿವಿ ಕೊಟ್ಟೆ.
ಎಲ್ಲಾ ಸರಿ ಇತ್ತು.

ಲೆಕ್ಕ ಮಾಡಿದರ ಆರು ಮಂದಿ ಆದರು, ಶಾಲು ಐದು.
ಪಟ್ಟಿಯ ಬುಡಕ ಬರದೀನಿ, ಕಮಿಟಿಯವರು ಓದಿಕೊಳ್ರಿ:

ಆರನೇ ಶಾಲಿನ ರೊಕ್ಕ ನನ್ನ ಬಿಲ್ಲಿನಾಗ ಮುರಕೊಳ್ರಿ.
ಮುದಿಯಪ್ಪನ್ನ ಎಲ್ಲಿ ಬೇಕಾದರೂ ಕುಂಡರಸ್ರಿ,
ಅವನ ಮುಂದ ಒಂದು ಮೈಕ್ ಇಡತೀನಿ, ಬಾಡಿಗಿ ಇಲ್ಲ.
ಅಂವ ಊದಿ ನೋಡಿದರೂ ನಡೀತೈತಿ.