ಕಲ್ಲಂಗಡಿಯ ನಂತರದ ಮಾತು

ಮಂಗಳವಾರ ಮುಂಜಾನೆ ರೇಡಿಯೋ ಹೇಳಿತು:
ಹನಫಿ ಶಲ್ತೂತ್ ಇನ್ನಿಲ್ಲ. ಕೈರೋದ ಆಸ್ಪತ್ರೆ. ಎಪ್ಪತ್ತೊಂದು.
ಅಷ್ಟೇ. ಆಮೇಲೆ ಹವಾಮಾನ,
ಕಾಲುವೆಯ ಮೇಲೆ ಮಂಜು, ಹಡಗುಗಳು ನಿಧಾನ.

ಗಿರ್ಗಿಸನ ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡವನು
ನೊರೆಮುಖದಲ್ಲೇ ಎದ್ದು ನಿಂತನಂತೆ.
‘ಒಮ್ಮೆ ನಾನೇ ಕತ್ತರಿಸಿದ್ದೆ ಅವನ ತಲೆ’ ಎಂದ ಗಿರ್ಗಿಸ್.
ಕೂದಲು ಅನ್ನೋ, ಎಂದರು ಎಲ್ಲರೂ.
‘ಅವನೂ ಹಾಗೇ ಅಂದಿದ್ದ.’
ಸುಳ್ಳು. ಶಲ್ತೂತ್ ಪೋರ್ಟ್ ಸಯೀದಿಗೆ ಬಂದವನೇ ಅಲ್ಲ.
ಆದರೆ ಆ ದಿನ ಯಾರೂ ಯಾರ ಸುಳ್ಳನ್ನೂ ಹಿಡಿಯಲಿಲ್ಲ.

ಫೆರಿಯ ಹಗ್ಗ ಕಟ್ಟುವ ಅವದ್
ದಕ್ಕೆಯ ಮೇಲೆ ಅವನ ನಡಿಗೆ ನಡೆದು ತೋರಿಸಿದ:
ಒಂದು ಭುಜ ಮುಂದೆ, ಹೊಟ್ಟೆ ಇನ್ನೊಂದು ದಿಕ್ಕಿಗೆ,
ಪೋಲೀಸನನ್ನು ಕಂಡರೆ ಟೋಪಿ ತೆಗೆಯುವ ಬದಲು ಬೂಟು ತೆಗೆಯುವುದು.
ಚೆನ್ನಾಗಿ ಬರಲಿಲ್ಲ. ಮೊಣಕಾಲು ನೋವು, ಅಂದ.

ಮೀನು ಮಾರುವ ಉಮ್ಮ್ ವಜ್ದಿ ಮಾತ್ರ ತಕ್ಕಡಿ ಕೆಳಗಿಡಲಿಲ್ಲ.
ಯುದ್ಧದಲ್ಲಿ ಊರು ಖಾಲಿ ಮಾಡಿಸಿದಾಗ
ಮನ್ಸೂರಾದ ಶಾಲೆಯೊಂದರಲ್ಲಿ ಆರು ಸಂಸಾರಕ್ಕೆ ಒಂದೇ ಕೋಣೆ,
ನಡುವೆ ಹಗ್ಗಕ್ಕೆ ಕಂಬಳಿ.
ಒಂದು ರಾತ್ರಿ ಯಾರೋ ಅಂಗಳದಲ್ಲಿ
ಹಾಸಿಗೆಯ ಬಟ್ಟೆ ಕಟ್ಟಿ ಸಿನಿಮಾ ತೋರಿಸಿದರು.
‘ಗಂಡ ಸತ್ತು ನಲವತ್ತು ದಿನವೂ ಆಗಿರಲಿಲ್ಲ.
ನಕ್ಕುಬಿಟ್ಟೆ. ತಲೆವಸ್ತ್ರ ಬಾಯಿಗೆ ತುರುಕಿಕೊಂಡೆ, ಆದರೂ ಬಂತು.
ಆ ನಗುವಿಗಾಗಿ ಅವನನ್ನು ಇನ್ನೂ ಕ್ಷಮಿಸಿಲ್ಲ’
ಎಂದವಳು ನನ್ನ ಪೊಟ್ಟಣಕ್ಕೆ ಒಂದು ಮೀನು ಹೆಚ್ಚು ಹಾಕಿದಳು.

ನಾನು ನೌರಸ್ ಟಾಕೀಸಿನ ಯಂತ್ರದವನು.
ಇಪ್ಪತ್ತೇಳು ವರ್ಷ ಅವನನ್ನು
ಅಂಗೈಯಗಲದ ಗಾಜಿನ ಕಿಂಡಿಯಲ್ಲಿ ಕಂಡವನು.
ಕೋಣೆಯ ಸ್ಪೀಕರು ಕೆಟ್ಟು ಕಾಲವಾಯಿತು;
ನನ್ನ ಪಾಲಿಗೆ ಅವನು ಮೂಗ.
ನಗು ಮಾತ್ರ ಗೋಡೆ ದಾಟಿ, ಅಂಗಾಲಿನಿಂದ ಏರಿ ಬರುತ್ತಿತ್ತು.
ಯಾವ ರೀಲಿನಲ್ಲಿ ಯಾವಾಗ ನೆಲ ನಡುಗುವುದೆಂದು
ಗಡಿಯಾರವಿಲ್ಲದೆ ಹೇಳಬಲ್ಲೆ.

ನಾಲ್ಕನೇ ರೀಲು. ಕಲ್ಲಂಗಡಿ.
ಮೆಟ್ಟಿಲಿನ ಮೇಲಿಂದ ಅವನು, ಅವನ ಹಿಂದೆ ಹಣ್ಣು,
ಕೆಳಗೆ ಕಸ್ಟಮ್ಸಿನ ದೊಡ್ಡ ಸಾಹೇಬ, ಬಿಳಿ ಸೂಟು.
ಆಮೇಲೆ ಶಲ್ತೂತನ ತುಟಿ ಅಲ್ಲಾಡುತ್ತದೆ.
ಏನೋ ಹೇಳುತ್ತಾನೆ.
ಏನೆಂದು ಈ ಊರಲ್ಲಿ ಒಬ್ಬರಿಗೂ ಗೊತ್ತಿಲ್ಲ;
ಎರಡು ತಲೆಮಾರು ನಕ್ಕು ನಕ್ಕು
ಆ ಮಾತನ್ನು ಮುಳುಗಿಸಿದ್ದೇವೆ.

ಗುರುವಾರ ರಾತ್ರಿ, ಮುಚ್ಚಿಹೋದ ಟಾಕೀಸಿನ ಬೀಗ ತೆಗೆದೆ.
ಕಂಪನಿಯವರು ವಾಪಸು ಕೇಳದೇ ಬಿಟ್ಟ ಡಬ್ಬಿ,
ಇಲಿ ಕಡಿದ ಕುರ್ಚಿ, ಹನ್ನೊಂದು ಜನ.
ಗಿರ್ಗಿಸ್ ತಂದ ಕಡಲೆ ಕೈಯಿಂದ ಕೈಗೆ ಹೋಗಿ
ಹಾಗೇ ಅವನ ಮಡಿಲಿಗೆ ವಾಪಸು ಬಂತು.
ರೀಲು ಏರಿಸಿ, ಯಂತ್ರವನ್ನು ಅದರ ಪಾಡಿಗೆ ಬಿಟ್ಟು
ಮೊದಲ ಸಲ ನಾನೂ ಬಾಲ್ಕನಿಯಲ್ಲಿ ಕೂತೆ.

ಉರುಳಿತು. ಸಿಡಿಯಿತು.
ಯಾರೂ ನಗಲಿಲ್ಲ.
ಎಲ್ಲರ ಗಂಟಲೂ ಕಟ್ಟಿತ್ತು.
ಮುಖಕ್ಕೆಲ್ಲ ಕೆಂಪು ತಿರುಳು ಮೆತ್ತಿಕೊಂಡವನು
ಬಿಳಿ ಸೂಟಿನ ಕಡೆ ಬಗ್ಗಿ ಮೆಲ್ಲಗೆ ಕೇಳಿದ:
‘ಪೆಟ್ಟಾಗಲಿಲ್ಲ ತಾನೆ, ಸಾಹೇಬರೇ?
ಬೀಜ ಉಗುಳಿ. ನುಂಗಬೇಡಿ.’

ಇಷ್ಟೇ.
ಇಷ್ಟು ವರ್ಷ ಇಷ್ಟೇ ಇತ್ತು ನಮ್ಮ ನಗುವಿನ ಅಡಿಯಲ್ಲಿ.

ಕೆಳಗೆ, ಮುಂದಿನ ಸಾಲಿನಲ್ಲಿ, ಯಾರದೋ ಭುಜ ಕುಲುಕಿತು.
ಅಳು ಅಂದುಕೊಂಡೆ.
ಉಮ್ಮ್ ವಜ್ದಿ. ಬಾಯಿಗೆ ತಲೆವಸ್ತ್ರ.
ಅವದ್‌ಗೂ ಹತ್ತಿತು, ಆಮೇಲೆ ಗಿರ್ಗಿಸನಿಗೆ,
ಕಡಲೆಯೆಲ್ಲ ನೆಲದ ಪಾಲು.
ಮುಂದಿನ ಮಾತು ಮತ್ತೆ ಯಾರಿಗೂ ಕೇಳಿಸಲಿಲ್ಲ.
ಹೊರಗೆ ಕಾಲುವೆಯಲ್ಲಿ ಹಡಗೊಂದು ಕೂಗಿತೇನೋ,
ರೀಲು ಯಾವಾಗ ಮುಗಿಯಿತೋ, ನನಗೆ ತಿಳಿಯದು.
ಪರದೆ ಬರೀ ಬಿಳಿ.
ಹಳೆಯ ಅಭ್ಯಾಸದಲ್ಲಿ ಕತ್ತಲಿಂದ ಯಾರೋ ಕೂಗಿದರು:
‘ಏ ಬದೀರ್, ಸತ್ತೆಯೇನೋ? ಹಾಕು ಮುಂದಿನದು!’