ಹೂವಿಲ್ಲದ ಚಕ್ರ

ಕೌಲ್ ಬಜಾರಿನ ರೈಲ್ವೆ ಗೇಟು ಬಿದ್ದೇ ಇತ್ತು,
ಅದಿರಿನ ಗೂಡ್ಸು ಮುಗಿಯದ ಜಗಳದಂತೆ ಹಾಯುತ್ತಿತ್ತು.
ಆಚೆ ಬದಿಯಿಂದಲೇ ಕೂಗಿದರು
ಜ್ಞಾನಸುಂದರಿ ಟೀಚರ್:
‘ಚನ್ನವೀರಾ, ಒಂದು ಚಕ್ರ ಕಟ್ಟಿಕೊಡ್ತೀಯೇನೋ?’

ಕೈಯಲ್ಲಿದ್ದ ಹಡಗಲಿ ಮಲ್ಲಿಗೆ ಕೆಳಗಿಟ್ಟೆ.
ಎದ್ದು ನಿಂತೆ. ಚಪ್ಪಲಿ ಬಿಟ್ಟೆ.
ಚಕ್ರ ಅಂದರೆ ನಮ್ಮ ಕಸುಬಿನಲ್ಲಿ ಒಂದೇ ಅರ್ಥ:
ಪೊಲೀಸರು ತರುತ್ತಾರೆ, ಪುಢಾರಿಗಳು ತರುತ್ತಾರೆ,
ಎದೆಯ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ.
‘ಯಾರು ಹೋದರು, ಟೀಚರ್?’

ನಕ್ಕುಬಿಟ್ಟರು, ಗೂಡ್ಸಿನ ಸದ್ದಿಗಿಂತ ಜೋರಾಗಿ.
‘ಯಾರೂ ಹೋಗಿಲ್ಲೋ.
ಒಬ್ಬ ಬರೋನಿದ್ದಾನೆ.’

ಗೇಟು ಎದ್ದಿತು. ನನ್ನ ಸ್ಟೂಲಿನ ಮೇಲೆ ಕೂತು,
ಹಿಂದೊಮ್ಮೆ ಏಳರ ಮಗ್ಗಿ ಹೇಳಿಕೊಟ್ಟ ದನಿಯಲ್ಲೇ
ಪಾಠ ಶುರು ಮಾಡಿದರು.
ಹಿಮ ಬೀಳುವ ಸೀಮೆಯಲ್ಲಿ ಮರಗಳೆಲ್ಲ ಬೋಳಾದಾಗ
ಒಂದೆರಡು ಗಿಡ ಹಟ ಹಿಡಿದು ಹಸಿರಾಗಿರುತ್ತವಂತೆ.
ಸೂರ್ಯನಿಗೆ ಮನೆ ಮರೆಯದಿರಲೆಂದು
ಅದನ್ನೇ ಬಾಗಿಲಿಗೆ ಕಟ್ಟುತ್ತಿದ್ದರಂತೆ,
ಏಸುವಿನ ಹೆಸರು ಆ ಊರು ಮುಟ್ಟುವ ಮೊದಲೇ.
ರೋಮಿನಲ್ಲಿ ಗೆದ್ದವನ ತಲೆಗೆ ಎಲೆಯ ಬಳೆಯಂತೆ.
ಆಮೇಲೆ ಅನಾಥ ಮಕ್ಕಳ ಮೇಷ್ಟ್ರೊಬ್ಬ
‘ಹಬ್ಬಕ್ಕೆ ಇನ್ನೆಷ್ಟು ದಿನ’ ಅನ್ನುವ ಕಾಟ ತಾಳದೆ
ಬಂಡಿಯ ಗಾಲಿಯೊಂದರ ಮೇಲೆ
ದಿನಕ್ಕೊಂದು ಮೇಣದಬತ್ತಿ ಹಚ್ಚಿದನಂತೆ.
ಗಾಲಿ ಅಂದ ಮೇಲೆ ನನಗೂ ತಿಳಿಯಿತು.

‘ಹೂ ಬೇಡ. ಬರೀ ಹಸಿರು.’
ಹೂಗಾರನಿಗೆ ಹೂ ಬೇಡ ಅನ್ನುವುದು
ಕುಂಬಾರನಿಗೆ ಮಣ್ಣು ಮುಟ್ಟಬೇಡ ಅಂದಂತೆ.

ಬಳ್ಳಾರಿಯ ಡಿಸೆಂಬರು ಯಾವ ಮರವನ್ನು ಕೊಂದೀತು?
ನಮ್ಮ ಚಳಿಗಾಲ ಇರುವುದು ಮೇ ತಿಂಗಳಲ್ಲಿ,
ಕೋಟೆಗುಡ್ಡ ರೊಟ್ಟಿಯ ಹೆಂಚಾದಾಗ.
ಆಗಲೂ ಹಸಿರಾಗಿರುವುದು ಯಾವುದು?
ಮಚ್ಚು ಹಿಡಿದು ಹಗರಿಯ ಮರಳಿಗಿಳಿದೆ.
ಅಲ್ಲಿತ್ತು:
ಯಾರೂ ನೀರೆರೆಯದ್ದು, ಯಾರೂ ಹರಕೆ ಹೊರದ್ದು,
ಎಲ್ಲಿಂದಲೋ ಕಡಲು ದಾಟಿ ಬಂದು ಇಲ್ಲಿನದೇ ಆದದ್ದು,
ಬೇರೆ ಜಿಲ್ಲೆಯವರು ಬೈಯುವಾಗಲೂ
ನಮ್ಮೂರ ಹೆಸರು ಹಿಡಿದೇ ಬೈಯುವಂಥದ್ದು:
ಬಳ್ಳಾರಿ ಜಾಲಿ.

ಕಟ್ಟುವಾಗ ಹೆಬ್ಬೆರಳಿಗೆ ಮೂರು ಸಲ ನಾಟಿತು.
ಮುಳ್ಳು ಸವರಲೇ ಅಂದೆ.
‘ಇರಲಿ. ಮುಳ್ಳಿನದು ಬೇರೆ ಕಥೆ,
ಶುಭ ಶುಕ್ರವಾರಕ್ಕೆ ಹೇಳ್ತೀನಿ.’
ಕೆಂಪು ಕಾಯಿ ಬೇಕೆಂದರು,
ಏಳು ಒಣಮೆಣಸಿನಕಾಯಿ ಸಿಗಿಸಿದೆ.
ಎದುರು ಮನೆಯಲ್ಲಿ ಜೀನ್ಸ್ ಹೊಲಿಯುವ ಖಾಜಾಬಿ
ಮಿಷನ್ ನಿಲ್ಲಿಸಿ ಇಣುಕಿದಳು:
‘ನಜರ್‌ಗೇನು ಟೀಚರಮ್ಮಾ? ನಿಂಬೆಹಣ್ಣು ಮರೆತಿರಲ್ಲಾ!’
ಆಮೇಲೆ ತಾನೇ ಒಂದು ನೀಲಿ ಚಿಂದಿ ಹರಿದು
ಚಿಟ್ಟೆಯ ಹಾಗೆ ಕಟ್ಟಿದಳು.

ಒಂದು ಮಾತು ಮಾತ್ರ ನನ್ನ ಗಂಟಲಲ್ಲೇ ಚುಚ್ಚುತ್ತಿತ್ತು.
ಹೇಳಿಬಿಟ್ಟೆ:
‘ಒಳಗಿನ ಕಬ್ಬಿಣದ ಬಳೆ ಹೊಸದಲ್ಲ, ಟೀಚರ್.
ನನ್ನ ಹತ್ರ ಇರೋದು ಒಂದೇ.
ಈ ವರ್ಷ ಮೂರು ಎದೆಗಳ ಮೇಲೆ ಮಲಗಿ ಬಂದಿದೆ.’
ಅವರು ಎಲೆಗಳ ನಡುವೆ ಬೆರಳಿಳಿಸಿ
ತಣ್ಣಗಿನ ಕಬ್ಬಿಣವನ್ನು ಮುಟ್ಟಿ ನೋಡಿದರು.
‘ಇರಲಿ ಬಿಡೋ.
ನಮ್ಮವನೂ ಅಲ್ಲಿಂದಲೇ ಎದ್ದು ಬಂದೋನು.’

ಮೊದಲಿಲ್ಲ ಕೊನೆಯಿಲ್ಲ, ಅದಕ್ಕೇ ದುಂಡಗೆ,
ಎಂದು ಓಣಿಯ ಮಕ್ಕಳಿಗೆ ಟೀಚರ್ ವಿವರಿಸುವಾಗ
ಏಣಿಯ ಮೇಲೆ ಮೊಳೆ ಹೊಡೆಯುತ್ತಿದ್ದ ನಾನು ಸುಮ್ಮನಿದ್ದೆ.
ಕಟ್ಟಿದವನಿಗೆ ಗೊತ್ತಿರುತ್ತದೆ
ದಾರ ಎಲ್ಲಿ ಹೊರಟಿತು, ಸುತ್ತಿ ಎಲ್ಲಿಗೆ ಬಂತು.
ಎಡಕ್ಕೆ, ನಾಲ್ಕನೆಯ ಮೆಣಸಿನಕಾಯಿಯ ಹಿಂದೆ,
ಜಾಲಿಯ ಕುಡಿಯೊಂದನ್ನು ಬಾಗಿಸಿ
ಗಂಟನ್ನು ಮುಚ್ಚಿದ್ದೇನೆ.

ಮೂರು ರಾಯರ ಹಬ್ಬ ಕಳೆದ ಮೇಲೆ ಬಳೆ ವಾಪಸು ಬರುತ್ತದೆ.
ಅಲ್ಲಿಯವರೆಗೆ ನನ್ನ ಅಂಗಡಿಯ ಮೊಳೆ ಖಾಲಿ.
ಕೌಲ್ ಬಜಾರಿನವರೇ, ಕೈಮುಗಿದು ಕೇಳುತ್ತೇನೆ,
ಅಷ್ಟು ದಿನ
ದಯವಿಟ್ಟು ಯಾರೂ ಸಾಯಬೇಡಿ.